ಕಾಕಾ ಕಾಸಿದ ಕಿತ್ತಳೆ ಪಾಕ

ನಮ್ಮ ಕಾಕಾ ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟಿದವನಲ್ಲ. ಆದರೂ ಅವನ ಊರಾದ ಗಡಹಿಂಗ್ಲಜದಲ್ಲಿ ಕಿತ್ತಳೆ ಚಿಕನ್ ಬಗ್ಗೆ ಅವನಷ್ಟು ಅಧಿಕಾರದಿಂದ ಮಾತಾಡುವವರು ಇನ್ನೊಬ್ಬರಿದ್ದರೆ ತೋರಿಸಿ, ಮೀಸೆ ಬೋಳಿಸುತ್ತೇನೆ! ಗರಿಗರಿಯಾಗಿ ಕರಿದ ಕೋಳಿಗೆ ಕಿತ್ತಳೆಯ ಸಿಹಿಹುಳಿ ಪಾಕ ಹಚ್ಚುವ ಆ ಅಡುಗೆ ಅಮೆರಿಕದಲ್ಲಿರುವ ಚೀನೀಯರದಂತೆ. ಚೀನದವರಿಗೇ ಅದು ಗೊತ್ತಿಲ್ಲವಂತೆ. ಇದನ್ನೆಲ್ಲ ಕಾಕಾ ನನಗೆ ಹೇಳಿದ್ದು ಲಿಂಗಪೂಜೆ ಮುಗಿಸಿ ಹಣೆಯ ವಿಭೂತಿ ಆರುವ ಮುನ್ನ.

ಅವನು ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ನಲವತ್ತು ವರ್ಷ ವ್ಯಾಪಾರ ಮಾಡಿದವನು. ಬೆಲ್ಲವನ್ನು ನಾಲಿಗೆಗೆ ಹಚ್ಚಿ ನೋಡುವವರನ್ನು ಕಂಡರೆ ಅವನಿಗೆ ಕನಿಕರ. ತಾನು ಮಾತ್ರ ಬೆರಳಿನಿಂದ ಒತ್ತಿ, ಮೂಸಿ, ಯಾವ ಊರಿನ ಮಾಲು ಎಂದು ಹೇಳಿಬಿಡುತ್ತಿದ್ದ. "ಬಾಯಾಗ ಹಾಕ್ಕೊಂಡು ಯಾರ ಬೇಕಾದ್ರೂ ಹೇಳ್ತಾರ. ಅದೇನ ವಿದ್ಯಾ ಅಲ್ಲ" ಎನ್ನುವುದು ಅವನ ವಾದ. ಕಿತ್ತಳೆ ಚಿಕನ್ ತಾನೇ ಮಾಡುತ್ತೇನೆಂದು ಹೊರಟಾಗ, ತಿನ್ನದವನು ಕೋಳಿ ಮಾಡುವುದೆಂತು ಎಂದು ಕೇಳಿದ ನಮ್ಮೆಲ್ಲರ ಬಾಯನ್ನೂ ಇದೇ ವಾದದಿಂದ ಮುಚ್ಚಿಸಿದ.

ಮಾಡಹೊರಟದ್ದು ಸೊಸೆಗಾಗಿ. ಕಾಕಾನ ಮಗ ಕೊಲ್ಹಾಪುರದ ಮರಾಠಿ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಅಂದಿನಿಂದ ಆಕೆಯ ತವರಿನವರು ಮಾತು ಬಿಟ್ಟಿದ್ದಾರೆ. ಆಕೆ ಕೋಳಿ ತಿಂದು ಬೆಳೆದವಳು; ಈ ಮನೆಯಲ್ಲಿ ಅದು ಹೊಸ್ತಿಲು ದಾಟುವಂತಿಲ್ಲ. ಹೊರಗಿನಿಂದ ತಂದು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತು ತಿನ್ನಬಹುದೆಂದು ಕಾಕಾನ ಹೆಂಡತಿ, ನಮ್ಮ ಕಾಕು, ಒಂದು ದಾರಿ ಮಾಡಿಕೊಟ್ಟಿದ್ದಳು. ಎರಡು ವರ್ಷದಿಂದ ಸೊಸೆ ತಿಂಗಳಿಗೊಮ್ಮೆ ಒಬ್ಬಳೇ ಅಲ್ಲಿ ಕುಳಿತು ತಿಂದು, ಕೈ ತೊಳೆದು ಒಳಗೆ ಬರುತ್ತಿದ್ದಳು.

ಈಗ ಆಕೆಗೆ ಏಳನೆಯ ತಿಂಗಳು. ಬಯಕೆಯೂಟ ತರಬೇಕಾದ ತವರಿನಿಂದ ಒಂದು ಫೋನೂ ಇಲ್ಲ. "ಏನ ತಿನಬೇಕ ಅನಸ್ತೈತಿ ಹೇಳವಾ" ಎಂದು ಕಾಕಾ ಕೇಳಿದರೆ, "ಏನೂ ಬ್ಯಾಡ್ರಿ ಮಾಮಾ" ಎನ್ನುವಳು. ಮೊಬೈಲಿನಲ್ಲಿ ಮಾತ್ರ ದಿನವೂ ಅದೇ ಕಿತ್ತಳೆ ಚಿಕನ್ ವಿಡಿಯೋ. ಕಾಕಾ ಒಂದು ದಿನ ಬೆನ್ನ ಹಿಂದೆ ನಿಂತು ನೋಡಿದ. ತನ್ನ ಮೊಬೈಲಿನಲ್ಲಿ ಮತ್ತೆ ನಾಲ್ಕು ಸಲ ನೋಡಿದ. "ಇದು ಪಾಕದ ಕೆಲಸ. ನಂದ ಲೈನ್" ಎಂದ.

ಇಚಲಕರಂಜಿಯಲ್ಲಿದ್ದ ನನಗೆ ಫೋನ್ ಬಂತು. "ನಾಳೆ ಬಾ. ನಿನ್ನ ನಾಲಗಿ ಬೇಕಾಗೈತಿ."

"ನಾನೂ ತಿನ್ನೂದಿಲ್ಲಲ್ಲ ಕಾಕಾ."

"ಬಸ್ ಸ್ಟ್ಯಾಂಡ ಹಿಂದ ಯಾವ ಅಂಗಡ್ಯಾಗ ಕುಂದರ್ತಿ ಅಂತ ನಿಮ್ಮಪ್ಪಗ ಹೇಳ್ಲೇನ?"

ಮರುದಿನ ಮೊದಲ ಬಸ್ಸಿಗೇ ಹೊರಟೆ.

ಕೋಳಿಯಂಗಡಿಯಲ್ಲಿ ಕಾಕಾ ಮಾಂಸವನ್ನು ಬೆರಳಿನಿಂದ ಒತ್ತಿದ, ಮೂಸಿದ. ಆಮೇಲೆ ಗಂಭೀರವಾಗಿ, "ಇದು ಈ ಸುಗ್ಗಿ ಮಾಲೋ, ಹ್ವಾದ ವರ್ಷದ್ದೋ?" ಎಂದು ಕೇಳಿದ. ಕತ್ತಿ ಹಿಡಿದ ಅಂಗಡಿಯವನು ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಈಗ ಕೂಗಾಕತ್ತಿತ್ತಲ್ರೀ ಕಾಕಾ" ಎಂದ.

ಹಿತ್ತಲಿನಲ್ಲಿ ಒಲೆ ಹೂಡಿದೆವು, ಹೊಸ ಕಡಾಯಿ ಬಂತು. ಕಾಕು ಹೊಸ್ತಿಲೊಳಗೇ ನಿಂತು ಕಾವಲು ಕಾದಳು. ಮೂಳೆಯಿಲ್ಲದ ತುಂಡುಗಳಿಗೆ ಸೋಯಾ ಸಾಸ್, ಶುಂಠಿ, ಬೆಳ್ಳುಳ್ಳಿ ಹಚ್ಚಿ, ಕಾರ್ನ್‌ಫ್ಲೋರಿನಲ್ಲಿ ಹೊರಳಿಸಿ ಕಾಕಾ ಒಮ್ಮೆ ಕರಿದ. ಆರಿಸಿ ಮತ್ತೊಮ್ಮೆ ಕರಿದ. ಒಂದನ್ನು ಕಿವಿಯ ಹತ್ತಿರ ಹಿಡಿದು ಮುರಿದು, ಸಪ್ಪಳ ಕೇಳಿ, "ಆತು" ಎಂದ. ತಿಂದು ನೋಡಿದೆ. ನಿಜಕ್ಕೂ ಆಗಿತ್ತು.

ಇನ್ನು ಪಾಕ. ಕಿತ್ತಳೆ ರಸ, ತುರಿದ ಸಿಪ್ಪೆ, ವಿನೆಗರ್, ಒಣಮೆಣಸಿನಕಾಯಿ. ವಿಡಿಯೋದಲ್ಲಿ ಸಕ್ಕರೆ ಅಂದಿದ್ದರು. ಕಾಕಾನ ಮುಂದೆ ಸಕ್ಕರೆಯೇ! ಬೆಲ್ಲವೇ ಬಿತ್ತು. ಸ್ವಲ್ಪ ಗಟ್ಟಿಯಾದೊಡನೆ ಇಳಿಸಿ ಎಂದು ವಿಡಿಯೋದವಳು ಹೇಳುತ್ತಿದ್ದಂತೆ ಕಾಕಾ ಅವಳನ್ನು ಬಂದ್ ಮಾಡಿದ. "ಹಸೀ ಪಾಕ ಇಳಸೂದು ನಮ್ಮ ಮನಿತನದಾಗ ಇಲ್ಲ." ನೀರಿನ ತಾಟಿನಲ್ಲಿ ಬಿಟ್ಟ ಹನಿ ಗಟ್ಟಿ ಗುಂಡಾಗಿ ಟಣ್ ಎನ್ನುವವರೆಗೂ ಕಾಸಿದ. ಕರಿದ ತುಂಡುಗಳನ್ನೆಲ್ಲ ಅದರಲ್ಲಿ ಹೊರಳಿಸಿ ಪರಾತ ಎಂಬ ಅಗಲ ತಟ್ಟೆಯಲ್ಲಿ ಹರವಿದ.

ಸೊಸೆ ಹಸಿರು ಸೀರೆಯುಟ್ಟು ಹೂ ಮುಡಿದು ಬರುವಷ್ಟರಲ್ಲಿ ಎಲ್ಲ ತುಂಡುಗಳೂ ಕೂಡಿ ಒಂದೇ ಆಗಿದ್ದವು. ಪರಾತ ಮಗುಚಿದರೆ ಇಡಿಯಾಗಿ ಬಿತ್ತು. ಲಕ್ಷಣವಾದ ಬೆಲ್ಲದ ಪೆಂಟೆ, ಒಳಗೆ ಕೋಳಿ.

"ಪ್ಯಾಟಿಗಿ ಒಯ್ರಿ, ಚಲೋ ದರ ಬರ್ತೈತಿ" ಎಂದಳು ಕಾಕು.

ಕಾಕಾ ನಗಲಿಲ್ಲ. ಅವನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಎಂದೂ ಕಂಡಿರಲಿಲ್ಲ. "ಇದೊಂದ ಬೇಕಾಗಿತ್ತು ಆಕೀಗಿ. ಅದನ್ನೂ ಬಾಯಿಬಿಟ್ಟ ಕೇಳಿದ್ದಿಲ್ಲ" ಎಂದು ಗೊಣಗಿದ.

ಸೊಸೆ ಒಗೆಯುವ ಕಲ್ಲಿನ ಮೇಲೆ ಕುಳಿತು, ಕಾಯಿ ಒಡೆಯುವ ಗುಂಡಿನಿಂದ ಪೆಂಟೆಗೆ ಒಂದು ಏಟು ಹಾಕಿದಳು. ಸಿಡಿದ ಚೂರನ್ನು ಬಾಯಿಗಿಟ್ಟಳು. ಕಟಂ ಎಂದ ಸದ್ದು ನಮಗೆಲ್ಲ ಕೇಳಿಸಿತು.

"ನಾದಖುಳಾ, ಮಾಮಾ" ಎಂದಳು. ಕೊಲ್ಹಾಪುರದವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯಿಲ್ಲ. ನಾನೂ ತಿಂದೆ. ಹಲ್ಲು ಗಟ್ಟಿಯಿದ್ದವರಿಗೆ ಅದು ಬಹಳ ರುಚಿಯಾಗಿತ್ತು.

ಕಾಕಾ ಕೈ ತೊಳೆದು ಒಳಗೆ ಹೋದ. ಬೇಜಾರಾಗಿ ಮಲಗಿದನೇನೋ ಎಂದುಕೊಂಡೆ. ಆದರೆ ತನ್ನ ತಾಟಿನಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿಕೊಂಡು ಹೊರಗೆ ಬಂದ.

"ಸ್ವಲ್ಪ ಸರದ ಕುಂದರವಾ" ಎಂದು ಸೊಸೆಯ ಪಕ್ಕದಲ್ಲಿ ಕಲ್ಲಿನ ಮೇಲೆಯೇ ಕುಳಿತ. "ಬಯಕಿ ಊಟ ಒಬ್ಬಾಕಿನ ಉಣ್ಣೂದಲ್ಲ."

ಸೊಸೆಯ ಕಣ್ಣು ತುಂಬಿತು. ಬಾಯಲ್ಲಿದ್ದದ್ದನ್ನು ಅಗಿಯುತ್ತಲೇ ಅತ್ತಳು. ಹೊಸ್ತಿಲಲ್ಲಿ ನಿಂತಿದ್ದ ಕಾಕು ತಾನೂ ತಾಟು ಹಿಡಿದು ಬಂದಳು.

ಆ ಕಡಾಯಿ ಇವತ್ತಿಗೂ ಹೊಸ್ತಿಲು ದಾಟಿಲ್ಲ. ಮೊಮ್ಮಗಳಿಗೆ ಈಗ ಹಲ್ಲು ಬಂದಿವೆ. ಸೊಸೆ ಕೋಳಿ ತಿನ್ನುವ ದಿನ ಕಾಕಾನ ಮನೆಯೊಳಗೆ ಯಾರೂ ಊಟಕ್ಕೆ ಕೂರುವುದಿಲ್ಲ. ಎಲ್ಲರ ತಾಟೂ ಹಿತ್ತಲಿನಲ್ಲೇ.