ನಾನು ಕಣ್ಣಾರೆ ಕಂಡ ನೀಲಿ ಚಪ್ಪಲಿ

ಅನುಮಾನ ನನಗೆ ಹುಟ್ಟುಗುಣವಲ್ಲ. ಫೀಸು ಕಟ್ಟಿ ಕಲಿತದ್ದು. ಭೌತಶಾಸ್ತ್ರದ ಎಂ.ಎಸ್ಸಿ. ಓದುವಾಗ ನಮ್ಮ ಪ್ರಯೋಗಶಾಲೆಯ ಮೇಷ್ಟ್ರೊಬ್ಬರು, "ಅಳತೆ ಸರಿಯಾಗಿ ಬಂತು ಅಂತ ಕುಣೀಬೇಡ್ರಯ್ಯಾ, ಯಾಕೆ ಸರಿಯಾಗಿ ಬಂತು ಅಂತ ಗಾಬರಿಪಡಿ" ಎನ್ನುತ್ತಿದ್ದರು. ಎರಡು ವರ್ಷದ ಓದಿನಲ್ಲಿ ಈಗ ನನ್ನ ಬಳಿ ಉಳಿದಿರುವುದು ಆ ಗಾಬರಿ ಒಂದೇ. ಮೊದಮೊದಲು ಬೇರೆಯವರ ಮಾತನ್ನು ಅನುಮಾನಿಸುತ್ತಿದ್ದೆ, ಅದರಲ್ಲಿ ಸುಖವಿತ್ತು. ನಲವತ್ತು ದಾಟಿದ ಮೇಲೆ ಅದು ನನ್ನ ಕಡೆಗೇ ತಿರುಗಿತು. ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಒಂಬತ್ತನೇ ಮಹಡಿಯಿಂದ ಕೆಳಗಿಳಿದು ಗೇಟಿನ ತನಕ ಹೋದವನು, ಗ್ಯಾಸ್ ಆರಿಸಿದೆನೋ ಇಲ್ಲವೋ, ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಲಿಫ್ಟಿನ ಮುಂದೆ ನಿಲ್ಲುತ್ತೇನೆ. ನನ್ನ ಹೆಂಡತಿ ಸುಧಾ ಈಗ ಬಾಲ್ಕನಿಗೆ ಬಂದು ನಿಂತೇ ನನ್ನನ್ನು ಬೀಳ್ಕೊಡುವುದು. "ಗ್ಯಾಸ್ ಆರಿಸಿದೆ ರೀ! ಬೀಗ ಹಾಕೋದು ಬೇಡ, ನಾನು ಒಳಗೇ ಇದ್ದೀನಿ!" ಎಂದು ಅವಳು ಒಂಬತ್ತನೇ ಮಹಡಿಯಿಂದ ಕೂಗುವುದು ನಮ್ಮ ಸೊಸೈಟಿಯ ವಾಚ್‌ಮನ್‌ಗೆ ಕನ್ನಡದ ಮೊದಲ ಪಾಠವಾಗಿದೆ. ನಾನು ಅದನ್ನೂ ಮರೆತು ಬೀಗದಕೈಗಾಗಿ ಬ್ಯಾಗು ಹುಡುಕುತ್ತಾ ನಿಂತರೆ ಅವನೇ "ಗ್ಯಾಸ್ ಆರಿಸಿದೆ ಸಾಬ್" ಎಂದು ಸಮಾಧಾನ ಹೇಳುತ್ತಾನೆ.

ಇಂಥವನಿಗೆ ದೇವರು ಕೊಟ್ಟ ಕೆಲಸವೆಂದರೆ ಬೇರೆಯವರ ಕಾಗದಪತ್ರಕ್ಕೆ ಸಾಕ್ಷಿ ನಿಲ್ಲುವುದು. ಓಖ್ಲಾದಲ್ಲಿ ಒಂದು ಸಾಗಣೆ ಕಂಪನಿ, ಗಾರ್ಮೆಂಟ್ ಕಾರ್ಖಾನೆಗಳ ಪೆಟ್ಟಿಗೆಗಳನ್ನು ಊರಾಚೆ ಮುಟ್ಟಿಸುವ ಲಾರಿಗಳು. ಆ ಲಾರಿಗಳ ಪರ್ಮಿಟ್ಟು, ಫಿಟ್‌ನೆಸ್ಸು, ಪೊಲ್ಯೂಷನ್ ಸರ್ಟಿಫಿಕೇಟು ಎಲ್ಲ ಸಕಾಲಕ್ಕೆ ಇರುವಂತೆ ನೋಡಿಕೊಳ್ಳುವವನು ನಾನು. ಇದು ನಡೆದಾಗ ದೆಹಲಿಯ ಬಸ್ಸುಗಳೆಲ್ಲ ಆಗತಾನೇ ಡೀಸೆಲ್ ಬಿಟ್ಟು ಸಿಎನ್‌ಜಿಗೆ ಬದಲಾಗಿದ್ದವು. ಹೀಗಾಗಿ ಊರಿನಲ್ಲಿ ಯಾರು ಕೆಮ್ಮಿದರೂ ಲಾರಿಯ ಕಡೆಗೆ ನೋಡುವ ಕಾಲ. ಮೂರು ತಿಂಗಳಿಗೊಮ್ಮೆ ಪ್ರತಿಯೊಂದು ಲಾರಿಯ ಹೊಗೆಯೂ ಪರೀಕ್ಷೆಗೆ ಕೂರಬೇಕು. ನಮ್ಮ ಯಾರ್ಡಿನ ಪಕ್ಕದ ಪೆಟ್ರೋಲ್ ಪಂಪಿನ ಮೂಲೆಯಲ್ಲಿ ಒಂದು ತಗಡಿನ ಗೂಡು, ಅದರೊಳಗೆ ಒಂದು ಯಂತ್ರ, ಒಂದು ಕಂಪ್ಯೂಟರು, ಮತ್ತು ಅವೆರಡನ್ನೂ ನಂಬದ ಮಿಶ್ರಾಜಿ ಎಂಬ ಮನುಷ್ಯ.

ಪರೀಕ್ಷೆ ಸರಳ. ಹೊಗೆಕೊಳವೆಯೊಳಗೆ ಮಿಶ್ರಾಜಿ ಒಂದು ನಳಿಕೆ ತೂರಿಸಿ "ದಬಾವೋ!" ಎಂದು ಕೂಗುತ್ತಾರೆ. ನಿಂತಲ್ಲೇ ನಿಂತ ಲಾರಿಯ ಆಕ್ಸಿಲರೇಟರನ್ನು ಚಾಲಕ ಒಂದೇ ಸಲಕ್ಕೆ ತಳ ಮುಟ್ಟುವಂತೆ ಒತ್ತಿ ಬಿಡಬೇಕು. ಎಂಜಿನ್ ಒಮ್ಮೆ ಆರ್ಭಟಿಸಿ ಒಳಗಿರುವ ಕರಿಯನ್ನೆಲ್ಲ ಕಕ್ಕುತ್ತದೆ. ಹೀಗೆ ನಾಲ್ಕೈದು ಸಲ. ಮೊದಲನೆಯದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆದು ಯಂತ್ರ ಹೊಗೆಯ ಕಪ್ಪನ್ನು ನೂರಕ್ಕೆ ಇಷ್ಟು ಎಂದು ಹೇಳುತ್ತದೆ. ಅರವತ್ತೈದು ದಾಟಿದರೆ ನಾಪಾಸು. ಇಲ್ಲಿ ನನ್ನ ಮೇಷ್ಟ್ರು ಗಾಬರಿಪಡುವಂಥ ಒಂದು ಸಂಗತಿ ಇದೆ: ಅರ್ಧ ಒತ್ತಿದರೆ ಹೊಗೆ ಕಡಿಮೆ, ಅಂಕ ಚೆನ್ನ. ತಳ ಮುಟ್ಟಿತೋ ಇಲ್ಲವೋ ಎಂದು ಮಿಶ್ರಾಜಿಯ ಯಂತ್ರಕ್ಕೆ ತಿಳಿಯುವುದಿಲ್ಲ. ಅದನ್ನು ನೋಡಿಕೊಳ್ಳುವುದು ಕಂಪನಿಯ ಪರವಾಗಿ ಪಕ್ಕದಲ್ಲಿ ನಿಂತವನ ಕೆಲಸ. ಅಂದರೆ ನನ್ನದು.

ಒಮ್ಮೆ ಚಹಾ ಕುಡಿಯುತ್ತಾ ಮಿಶ್ರಾಜಿ ಒಂದು ಕತೆ ಹೇಳಿದ್ದರು. ಯಾವನೋ ಚಾಲಕ ತನ್ನ ಚಪ್ಪಲಿಯನ್ನು ಪೆಡಲಿನ ಅಡಿಗೆ ಸಿಕ್ಕಿಸಿ, ಎಷ್ಟು ಒದ್ದರೂ ಅರ್ಧಕ್ಕೇ ನಿಲ್ಲುವಂತೆ ಮಾಡಿ, ಮುದಿ ಲಾರಿಯನ್ನು ಪಾಸು ಮಾಡಿಸಿಕೊಂಡು ಹೋದನಂತೆ. ನನಗೆ ಆ ಕತೆ ಬಹಳ ಹಿಡಿಸಿತು. ಭಾನುವಾರ ಚಾಣಕ್ಯಪುರಿಯಲ್ಲಿರುವ ನಮ್ಮ ರಾಜ್ಯದ ಅತಿಥಿಗೃಹದಲ್ಲಿ ಇಡ್ಲಿ ತಿನ್ನಲು ಸೇರುವ ಕನ್ನಡದ ಮಂದಿಗೆ ಅದನ್ನು ಹೇಳಿದೆ. ಎರಡನೆಯ ಸಲ ಹೇಳುವಾಗ ಚಪ್ಪಲಿಗೆ ನೀಲಿ ಬಣ್ಣ ಬಂತು. ನಾಲ್ಕನೆಯ ಸಲಕ್ಕೆ "ಯಾವನೋ ಚಾಲಕನಂತೆ" ಹೋಗಿ "ನಮ್ಮ ಕಡೆ ಒಬ್ಬ ಚಾಲಕ" ಆಯಿತು. ಕೇಳುವವರ ಉತ್ಸಾಹ ನೋಡಿ ಒಂದೊಂದು ಸಲ ಕತೆಯೊಳಗೆ ನಾನೂ ಅಲ್ಲೇ ನಿಂತಿರುತ್ತಿದ್ದೆ. ಇದರಲ್ಲಿ ಯಾರಿಗೇನು ನಷ್ಟ ಎಂದುಕೊಂಡಿದ್ದೆ.

ಆ ವರ್ಷದ ಚಳಿಗಾಲದ ಮೊದಲಲ್ಲಿ ನಮ್ಮ ಒಂದು ಲಾರಿ ಬೆಳಿಗ್ಗೆ ಲಾರಿಗಳಿಗೆ ನೋ ಎಂಟ್ರಿ ಶುರುವಾಗುವ ಮುಂಚೆ ಊರು ದಾಟಲು ಓಡುತ್ತಿತ್ತು. ಗಡಿಯಲ್ಲಿ ತಪಾಸಣೆಯವರು ಅದರ ಹಿಂದಿನ ಕರಿಮೋಡ ನೋಡಿ ನಿಲ್ಲಿಸಿದರು. ಅಲ್ಲೇ ಪರೀಕ್ಷೆ ಮಾಡಿದರೆ ಅಂಕ ಎಂಬತ್ತರ ಮೇಲೆ. ಚಾಲಕನ ಕೈಯಲ್ಲಿದ್ದ ಸರ್ಟಿಫಿಕೇಟಿನಲ್ಲಿ ನಲವತ್ತೆರಡು. ಅದಾಗಿ ಮೂರು ವಾರವೂ ಕಳೆದಿರಲಿಲ್ಲ. ಲಾರಿಯನ್ನು ತಡೆದರು, ಹಡಗಿಗೆ ಹೋಗಬೇಕಿದ್ದ ಮಾಲು ತಡವಾಯಿತು, ಮಾಲೀಕರು ನನ್ನನ್ನೂ ಚಾಲಕನನ್ನೂ ಕರೆಸಿದರು.

ಚಾಲಕ ಯಾಸೀನ್, ಮೇವಾತದವನು, ಗೋರಂಟಿ ಹಚ್ಚಿದ ಕೆಂಪು ಗಡ್ಡ, ಇಪ್ಪತ್ತು ವರ್ಷದಿಂದ ಅದೇ ಯಾರ್ಡಿನಲ್ಲಿ ಗಾಡಿ ಓಡಿಸುತ್ತಿದ್ದವನು. ಮಾತು ಕಡಿಮೆ. ಮಾಲೀಕರು ಅವನನ್ನು ಬಿಟ್ಟು ನನ್ನನ್ನೇ ಕೇಳಿದರು: "ರಾವ್ ಸಾಹೇಬ್, ಇವನು ಏನೋ ಹೇರಾಫೇರಿ ಮಾಡಿದ್ದಾನೆ. ನೀವು ಅಲ್ಲೇ ಇದ್ದಿರಿ. ಏನು ನೋಡಿದಿರಿ?"

ಜೀವಮಾನದಲ್ಲಿ ಗ್ಯಾಸಿನ ನಾಬ್‌ನ ಬಗ್ಗೆ ಕೂಡ ಖಚಿತವಾಗಿ ಒಂದು ಮಾತಾಡದ ನನಗೆ ಆ ಕ್ಷಣ ಎಲ್ಲ ಸ್ಪಷ್ಟವಾಗಿ ಕಂಡಿತು. ಕ್ಯಾಬಿನ್ನಿನ ನೆಲ, ಎಣ್ಣೆ ಜಿಡ್ಡಿನ ಪೆಡಲು, ಅದರ ಅಡಿಯಲ್ಲಿ ಮಡಿಚಿ ತುರುಕಿದ ನೀಲಿ ಹವಾಯಿ ಚಪ್ಪಲಿ. "ಪೆಡಲಿನ ಕೆಳಗೆ ಚಪ್ಪಲಿ ಇತ್ತು. ಆಗ ಅರ್ಥವಾಗಲಿಲ್ಲ, ಈಗ ಆಗುತ್ತಿದೆ," ಎಂದೆ. ಗಟ್ಟಿ ದನಿಯಲ್ಲೇ ಹೇಳಿದೆ.

ಮಾಲೀಕರು ಯಾಸೀನನ ಕಡೆ ತಿರುಗಿದರು. "ಬೋಲೋ."

ಯಾಸೀನ್ ನನ್ನನ್ನು ಒಂದು ಸಲ ನೋಡಿದ. "ಸಾಹೇಬರು ನೋಡಿದೆ ಅಂದರೆ ನೋಡಿರಬೇಕು," ಎಂದು ಲಾರಿಯ ಕೀಲಿಯನ್ನು ಮೇಜಿನ ಮೇಲಿಟ್ಟ. ಅದನ್ನು ನಾನು ತಪ್ಪೊಪ್ಪಿಗೆ ಎಂದುಕೊಂಡೆ. ಆ ವಯಸ್ಸಿನಲ್ಲಿ, ಹೇರಾಫೇರಿ ಮಾಡಿದವನು ಎಂಬ ಹೆಸರು ಹೊತ್ತು, ಓಖ್ಲಾದ ಯಾವ ಯಾರ್ಡಿನವರೂ ಅವನಿಗೆ ಗಾಡಿ ಕೊಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಆದರೂ ಆ ದಿನ ಚಾರ್ಟರ್ಡ್ ಬಸ್ಸಿನಲ್ಲಿ ಮನೆಗೆ ಬರುವಾಗ, ಸತ್ಯ ಹೇಳಿದವನಿಗೆ ಸಿಗುವ ಒಂದು ಬಗೆಯ ಹಸಿವು ಇತ್ತಲ್ಲದೆ ಬೇರೇನೂ ಇರಲಿಲ್ಲ. ಎರಡು ಚಪಾತಿ ಹೆಚ್ಚಿಗೇ ತಿಂದೆ.

ಯಾಸೀನನನ್ನು ಕೆಲಸದಿಂದ ತೆಗೆಯುವ ಕಾಗದ ತಯಾರಿಸುವುದೂ ನನ್ನ ಪಾಲಿಗೇ ಬಂತು. ಶನಿವಾರ ಫೈಲನ್ನು ಮನೆಗೆ ತಂದು ಊಟದ ಮೇಜಿನ ಮೇಲೆ ಹರಡಿಕೊಂಡು ಕುಳಿತೆ. ಪೊಲ್ಯೂಷನ್ ಸರ್ಟಿಫಿಕೇಟಿನ ಮೇಲೆ ಒಂದು ಫೋಟೋ ಇರುತ್ತದೆ. ಪರೀಕ್ಷೆ ನಡೆಯುವಾಗ ನಂಬರ್ ಪ್ಲೇಟು ಕಾಣುವಂತೆ ಮಿಶ್ರಾಜಿ ಕಂಪ್ಯೂಟರಿನ ಕಣ್ಣಿನಿಂದ ತೆಗೆದದ್ದು. ಎಂಟು ವರ್ಷದ ಮಗಳು ಅಪರ್ಣಾ ಹೋಂವರ್ಕ್ ಬಿಟ್ಟು ಅದರ ಮೇಲೆ ಬಗ್ಗಿದಳು.

"ಅಪ್ಪಾ, ಯೇ ತೋ ನೀನು!"

ಹೌದು, ನಾನೇ. ಲಾರಿಯ ಮುಂದಿನ ಮೂಲೆಯಿಂದ ತೆಗೆದ ಚಿತ್ರ. ಎದುರಿಗೆ ನಂಬರ್ ಪ್ಲೇಟು, ಲಾರಿಯ ಬಲಮಗ್ಗುಲಲ್ಲಿ ಚಾಲಕನ ಬಾಗಿಲು. ನಮ್ಮ ಆ ಲಾರಿಯ ಹೊಗೆಕೊಳವೆ ತೆರೆದುಕೊಳ್ಳುವುದು ಬಾಗಿಲಿನ ಸ್ವಲ್ಪ ಹಿಂದೆ, ಅದೇ ಬಲಕ್ಕೆ. ಅಲ್ಲಿ ನಾನು, ಒಂದು ಕೈಯಲ್ಲಿ ಮೂಗಿಗೆ ಕರವಸ್ತ್ರ, ಇನ್ನೊಂದು ಕೈ ಮೇಲೆ.

"ಅಪ್ಪಾ, ಈ ಅಂಕಲ್ ನಂಗೇ ಪಾಂವ್ ಗಾಡಿ ಓಡಿಸ್ತಾರಾ?"

"ಬರಿಗಾಲಲ್ಲಾ? ಯಾಕೆ?"

"ದೇಖೋ ನಾ, ಚಪ್ಪಲ್ ಕೆಳಗೇ ಇದೆ."

ಬಾಗಿಲಿನ ಮೆಟ್ಟಿಲ ಕೆಳಗೆ, ನೆಲದ ಮೇಲೆ, ಗುಡಿಯ ಹೊರಗೆ ಬಿಟ್ಟಂತೆ ಜೋಡಿಸಿಟ್ಟ ಎರಡು ಚಪ್ಪಲಿ. ಎರಡೂ. ಯಾಸೀನ್ ಕ್ಯಾಬಿನ್ನಿಗೆ ಚಪ್ಪಲಿ ಹಾಕಿಕೊಂಡು ಹತ್ತುವುದಿಲ್ಲ. ಅಲ್ಲೇ ಉಣ್ಣುತ್ತಾನೆ, ಅಲ್ಲೇ ಮಲಗುತ್ತಾನೆ, ಅಲ್ಲೇ ನಮಾಜು ಮಾಡುತ್ತಾನೆ. ಇದು ಯಾರ್ಡಿನಲ್ಲಿ ಎಲ್ಲರೂ ನೋಡಿದ್ದು. ನಾನೂ ನೂರು ಸಲ ನೋಡಿದ್ದು. ಹಾಗಾದರೆ ಪೆಡಲಿನ ಕೆಳಗಿದ್ದ ಚಪ್ಪಲಿ ಯಾರದು? ಫೋಟೋದಲ್ಲಿ ಬಣ್ಣವಿರಲಿಲ್ಲ. ಆದರೆ ಆ ನೀಲಿ ಎಲ್ಲಿಂದ ಬಂತೆಂದು ನನಗೆ ಹೊಳೆಯಿತು. ಅದು ಇಡ್ಲಿಯ ತಟ್ಟೆಯ ಮುಂದೆ ನಾನೇ ಬಳಿದ ಬಣ್ಣ.

"ಕೈ ಯಾಕೆ ಎತ್ತಿದ್ದೀನೋ ಗೊತ್ತಾಗ್ತಿಲ್ಲ," ಎಂದೆ ಸುಧಾಗೆ. "ಯಾರನ್ನೋ ಕರೀತಿದ್ದೆ ಅಂತ ಕಾಣುತ್ತೆ."

ಸುಧಾ ಫೋಟೋ ನೋಡಿದಳು. "ಇದು ನಿಮ್ಮ ಚೌಕಳಿ ಶರ್ಟು. ಎದೆ ತುಂಬಾ ಮಸಿ ಮಾಡ್ಕೊಂಡು ಬಂದಿದ್ರಲ್ಲ, ಮೂರು ಸಲ ಒಗೆದೆ. 'ಹೊಗೆ ಮುಖಕ್ಕೇ ಬಂತು ಕಣೇ, ಸಾಕು ಸಾಕು ಅಂತ ಕೂಗಿದೆ' ಅಂತ ನೀವೇ ಹೇಳಿದ್ರಿ." ನನ್ನ ಮುಖ ನೋಡಿ ಸೇರಿಸಿದಳು: "ಬೇಕಾದ್ರೆ ಶರ್ಟು ತೋರಿಸ್ತೀನಿ. ಕಲೆ ಹೋಗಿಲ್ಲ."

ತೋರಿಸಿದಳು. ಹೋಗಿರಲಿಲ್ಲ.

ಸೋಮವಾರ ಯಾರ್ಡಿಗೆ ಹೋದಾಗ ಯಾಸೀನ್ ಗೇಟಿನ ಹೊರಗೆ ಚಹಾದಂಗಡಿಯ ಹಗ್ಗದ ಮಂಚದ ಮೇಲೆ, ಪಕ್ಕದಲ್ಲಿ ತನ್ನ ಹಾಸಿಗೆಯ ಸುರುಳಿ ಇಟ್ಟುಕೊಂಡು ಕುಳಿತಿದ್ದ. ಊರಿಗೆ ಹೋಗಿರಲಿಲ್ಲ, ಹೋಗಿ ಏನು ಹೇಳುವುದು? ನಾನು ಪಕ್ಕದಲ್ಲಿ ಕುಳಿತು ಕೇಳಿದೆ, "ಯಾಸೀನ್ ಭಾಯ್, ಆ ದಿನ ಪೂರ್ತಿ ಯಾಕೆ ಒತ್ತಲಿಲ್ಲ?"

"ಮೊದಲನೇ ಸಲ ಒತ್ತಿದೆ ಸಾಹೇಬ್. ನೀವು ಹೊಗೆಯಲ್ಲಿ ಕೆಮ್ಮುತ್ತಾ 'ಬಸ್ ಬಸ್, ಧೀರೇ' ಎಂದು ಕೈ ಎತ್ತಿದಿರಿ. ಆಮೇಲೆ ಮೆಲ್ಲಗೆ, ಅರ್ಧವೇ ಒತ್ತಿದೆ. ನೀವು ಕಂಪನಿಯವರು, ನೀವು ಹೇಳಿದಂತೆ."

"ಮಾಲೀಕರ ಮುಂದೆ ಇದನ್ನು ಹೇಳಬಾರದಿತ್ತೇ? ಚಪ್ಪಲಿ ಕೆಳಗೆ ಬಿಡ್ತೀನಿ ಅಂತಲಾದರೂ?"

"ನೀವು ಓದಿದವರು," ಎಂದ ಯಾಸೀನ್, ವ್ಯಂಗ್ಯವಿಲ್ಲದೆ. "ನೀವು ಅಷ್ಟು ಗಟ್ಟಿಯಾಗಿ ಹೇಳಿದಾಗ ನನಗೇ ಅನುಮಾನ ಬಂತು. ಹೊರಗೆ ಬಂದು ಚಪ್ಪಲಿ ನೋಡಿಕೊಂಡೆ. ಕಂದು ಬಣ್ಣದ್ದು."

ಅನುಮಾನ ನನ್ನ ಸ್ವಂತ ಆಸ್ತಿ ಎಂದುಕೊಂಡಿದ್ದೆ. ಬೇಕಾದ ಕಡೆ ಅದನ್ನು ಬಳಸದೆ, ಇಪ್ಪತ್ತು ವರ್ಷ ತನ್ನ ಕಾಲನ್ನು ನಂಬಿ ಬದುಕಿದವನ ತಲೆಗೆ ದಾಟಿಸಿಬಿಟ್ಟಿದ್ದೆ.

ಮಾಲೀಕರ ಕೋಣೆಯ ಬಾಗಿಲ ಮುಂದೆ ಎರಡು ಸಲ ಬಂದು ಎರಡು ಸಲ ಹಿಂದೆ ಹೋದೆ. ಗ್ಯಾಸು ನೋಡಲು ಹಿಂದಿರುಗುವುದಕ್ಕೂ ಇದಕ್ಕೂ ವ್ಯತ್ಯಾಸವಿತ್ತು. ಇಲ್ಲಿ ಉರಿಯುತ್ತಿದೆ ಎಂದು ಗೊತ್ತಿತ್ತು. ಮೂರನೆಯ ಸಲ ಒಳಗೆ ಹೋಗಿ ಫೋಟೋವನ್ನು ಮುಂದಿಟ್ಟೆ.

"ಸೀದಾ ಹೇಳಿ ರಾವ್ ಸಾಹೇಬ್. ಚಪ್ಪಲಿ ನೋಡಿದಿರೋ ಇಲ್ಲವೋ?"

"ಇಲ್ಲ. ನೋಡಿದ ನೆನಪಿತ್ತು."

"ಎರಡಕ್ಕೂ ಏನು ಫರಕು?"

"ಯಾಸೀನನ ಕೆಲಸದಷ್ಟು," ಎಂದೆ. "ಅರ್ಧ ಒತ್ತಿಸಿದವನು ನಾನು. ಕೆಲಸದಿಂದ ತೆಗೆಯುವ ಕಾಗದವನ್ನು ನನ್ನ ಹೆಸರಿಗೆ ಬರೆದು ತಂದಿದ್ದೇನೆ."

ಮಾಲೀಕರು ಕಾಗದವನ್ನು ಓದಲಿಲ್ಲ. ನಾನು ಎತ್ತಿದ ಕೈಯ ಫೋಟೋವನ್ನೇ ಬಹಳ ಹೊತ್ತು ನೋಡಿದರು. "ನಿಮ್ಮನ್ನು ತೆಗೆದರೆ ಈ ಫೈಲುಗಳು ಯಾವ ಯಾವ ಕಪಾಟಿನಲ್ಲಿವೆ ಅಂತ ಯಾರಿಗೂ ಗೊತ್ತಾಗಲ್ಲ," ಎಂದರು. ನನಗೂ ಗೊತ್ತಿಲ್ಲ ಎಂದು ಹೇಳುವ ಆಸೆಯನ್ನು ಹೇಗೋ ತಡೆದುಕೊಂಡೆ. "ಇನ್ನು ಮೇಲೆ ಪರೀಕ್ಷೆಗೆ ಪೆಡಲು ನೀವೇ ಒತ್ತಿ. ಹೊರಗೆ ಹೊಗೆಯಲ್ಲಿ ಚಾಲಕ ನಿಲ್ಲಲಿ. ಚಲೋ, ಯಾಸೀನನಿಗೆ ಕೀಲಿ ಕೊಡಿ." ಕೀಲಿಯನ್ನು ಗೇಟಿನ ಹೊರಗೆ ನಾನೇ ಒಯ್ದು ಕೊಟ್ಟೆ. ಕ್ಷಮಿಸು ಎಂದೆ. ಅವನು ಕೀಲಿಯನ್ನು ಒಮ್ಮೆ ಕಣ್ಣಿಗೊತ್ತಿಕೊಂಡು, ಹಾಸಿಗೆಯ ಸುರುಳಿ ಎತ್ತಿಕೊಂಡು ಒಳಗೆ ನಡೆದ. ಕ್ಷಮಿಸಿದೆ ಎಂದು ಹೇಳಿದಂತೆ ನೆನಪಿಲ್ಲ. ಇಂಥ ಕಡೆ ನನ್ನ ನೆನಪನ್ನು ಈಗ ನಾನು ಒತ್ತಾಯಿಸುವುದಿಲ್ಲ.

ಮೊದಲ ಪರೀಕ್ಷೆ ಅದೇ ಲಾರಿಯದು. ಮೆಟ್ಟಿಲು ಹತ್ತಲು ಹೋದರೆ ಯಾಸೀನ್ ಗಂಟಲು ಸರಿಮಾಡಿಕೊಂಡು ನನ್ನ ಬೂಟು ನೋಡಿದ. ಬಿಚ್ಚಿದೆ. ಕಾಲುಚೀಲದಲ್ಲಿ ಹೆಬ್ಬೆರಳಿನ ತೂತು. ಅದನ್ನು ನೋಡದವನಂತೆ ಅವನು ಅತ್ತ ತಿರುಗಿದ. ಮಿಶ್ರಾಜಿ "ದಬಾವೋ!" ಎಂದರು. ಒತ್ತಿದರೆ ಎಂಜಿನ್ ಸಿಡಿದೇ ಹೋಗುತ್ತದೇನೋ ಎಂದು ನನ್ನ ಕಾಲು ಅರ್ಧಕ್ಕೆ ನಿಂತಿತು. ಯಾರೂ ಚಪ್ಪಲಿ ಇಟ್ಟಿರಲಿಲ್ಲ. "ಪೂರಾ, ಸಾಹೇಬ್, ಪೂರಾ!" ಎಂದು ಕೆಳಗಿನಿಂದ ಯಾಸೀನ್ ಕೂಗಿದ. ಕಣ್ಣುಮುಚ್ಚಿ ತಳ ಮುಟ್ಟಿಸಿದೆ. ಎಂಬತ್ತಮೂರು ಬಂತು. ಲಾರಿ ಪ್ರಾಮಾಣಿಕವಾಗಿ ನಾಪಾಸಾಗಿ ವರ್ಕ್‌ಶಾಪಿಗೆ ಹೋಯಿತು. ಡೀಸೆಲ್ ಪಂಪು, ಗಾಳಿಯ ಫಿಲ್ಟರು ಎಲ್ಲ ಸರಿಮಾಡಿಸಿಕೊಂಡು ವಾರದ ಮೇಲೆ ಬಂದು ಪಾಸಾಯಿತು.

ಆ ಸರ್ಟಿಫಿಕೇಟಿನ ಒಂದು ಜೆರಾಕ್ಸ್ ನನ್ನ ಪರ್ಸಿನಲ್ಲಿದೆ. ಅನುಮಾನ ಬಂದಾಗ ತೆಗೆದು ನೋಡುತ್ತೇನೆ. ಮೆಟ್ಟಿಲ ಕೆಳಗೆ ಒಂದು ಜೊತೆ ಕಪ್ಪು ಬೂಟು, ಮಸಿ ತಾಗದಂತೆ ಯಾರೋ ಸ್ವಲ್ಪ ಈಚೆ ಸರಿಸಿಟ್ಟಿದ್ದಾರೆ. ಹೊಗೆಕೊಳವೆಯ ಪಕ್ಕದಲ್ಲಿ ಯಾಸೀನ್ ನಿಂತಿದ್ದಾನೆ, ಎರಡೂ ಕೈ ಕೆಳಗೆ. ನಾನು ಚಿತ್ರದಲ್ಲಿಲ್ಲ. ಕ್ಯಾಬಿನ್ನಿನೊಳಗೆ ಕುಳಿತು ಪೆಡಲನ್ನು ಪೂರ್ತಿ ತಳ ಮುಟ್ಟುವಂತೆ ಒತ್ತುತ್ತಿದ್ದೆ ಎಂದು ನೆನಪು.