ಮಗುಚಿ ಹಾಕದ ತಿಪ್ಪೆ

ಮೈಮುರಿದು ದುಡಿಯುವ ಮಾತು ಬಂದರೆ ಸಾಕು, ನನಗೆ ಸೊಂಟನೋವು ಬರುತ್ತದೆ. ಹಾಗಾಗಿ, ಸಗಣಿಗೆ ಮರದ ಚಕ್ಕೆ ಬೆರೆಸಿ ಗುಡ್ಡೆ ಹಾಕಿದರೆ ಮಗುಚುವ ಗೋಜೇ ಇಲ್ಲ, ತಾನಾಗಿಯೇ ಗೊಬ್ಬರವಾಗುತ್ತದೆ ಎಂದು ಎಲ್ಲೋ ಓದಿದಾಗ, ಈ ವಿದ್ಯೆ ನನಗಾಗಿಯೇ ಹುಟ್ಟಿದ್ದು ಅನ್ನಿಸಿತು. ಚಕ್ಕೆಗೇನೂ ಬರವಿರಲಿಲ್ಲ, ನಾನು ಕೆಲಸ ಮಾಡುವುದು ಪೀಣ್ಯದಲ್ಲಿ, ಮರದ ಪೆಟ್ಟಿಗೆ ಮಾಡುವ ಶೆಡ್ಡಿನಲ್ಲಿ. ಸಗಣಿ ಇದ್ದದ್ದು ಬಾಗಲಗುಂಟೆಯ ನಮ್ಮ ಮನೆ ಓನರ್ ರಂಗಮ್ಮನ ಹತ್ತಿರ. ಆಕೆಯ ಹೊಲವೆಲ್ಲ ಬಾಡಿಗೆ ಮನೆಗಳಾಗಿದ್ದವು. ಪಕ್ಕದ ಖಾಲಿ ಜಾಗದಲ್ಲಿ ಎರಡು ಹಸು ಮಾತ್ರ ಉಳಿದಿದ್ದವು. ಹಾಕಲು ಹೊಲವಿಲ್ಲದ ಸಗಣಿ ಅಲ್ಲೇ ಕೊಳೆತು ನಾರುತ್ತಿತ್ತು. ಬೀದಿಯವರು ಸೇರಿ ಹಸು ಸಾಗಿಸಬೇಕೆಂದು ಪಾಲಿಕೆ ಆಫೀಸಿಗೆ ಅರ್ಜಿ ಕೊಟ್ಟರು. ಅಕ್ಷರ ದುಂಡಗಿದೆ ಎಂದು ಬರೆಸಿದ್ದು ನನ್ನ ಕೈಯಲ್ಲೇ. ಹೊಗಳಿದರೆ ನಾನು ಏನು ಬೇಕಾದರೂ ಬರೆದುಕೊಡುತ್ತೇನೆ.

ಮರುವಾರ ಹಾಲಿಗೆ ಹೋದರೆ ರಂಗಮ್ಮ, "ಯಾರೋ ಅರ್ಜಿ ಕೊಟ್ಟವ್ರೆ ಕಣಪ್ಪ. ಒಂದ್ ತಿಂಗ್ಳಲ್ಲಿ ಅಸ ಸಾಗಿಸ್ಬೇಕಂತೆ. ಅಕ್ಷರ ಮಾತ್ರ ಮುತ್ತಿನಂಗಿತ್ತಂತೆ" ಅಂದಳು. ಹಾಲಿನ ಪಾತ್ರೆ ಹಿಡಿದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಆ ಭಾನುವಾರವೇ ಗೂಡ್ಸ್ ಆಟೋದಲ್ಲಿ ಚಕ್ಕೆ ತಂದೆ. ಕೆಳಗೊಂದು ದಪ್ಪ ಹಾಸು, ನಡುವೆ ಸಗಣಿ-ಚಕ್ಕೆ ಬೆರಕೆ, ಮೇಲೆ ಮತ್ತೆ ಚಕ್ಕೆಯ ಹೊದಿಕೆ.

"ಮಗುಚೋದ್ಯಾವಾಗ?" ಅಂದಳು ರಂಗಮ್ಮ.

"ಬೇಡ ರಂಗಮ್ಮ, ಚಕ್ಕೆ ಸಂದಿಯಲ್ಲೇ ಗಾಳಿ ಆಡುತ್ತೆ."

"ಅಂಗಾದ್ರೆ ಇಷ್ಟ್ ವರ್ಷ ನಾವು ಸೊಂಟ ಮುರ್ಕೊಂಡಿದ್ಯಾಕೆ?"

ಮೂರನೆಯ ದಿನ ಗುಡ್ಡೆಯಿಂದ ಹಬೆ ಎದ್ದಿತು. ಹದಿನೈದು ದಿನದಲ್ಲಿ ವಾಸನೆ ಮಾಯ. ನಾನು ಕುಣಿಯುತ್ತ ಅರ್ಜಿಗೆ ಎಲ್ಲರನ್ನೂ ಸೇರಿಸಿದ್ದ ಎದುರು ಮನೆಯ ರಿಟೈರ್ಡ್ ಯಜಮಾನರ ಬಳಿ ಓಡಿ, ಅರ್ಜಿ ವಾಪಸ್ ತಗೊಳ್ಳೋಣ ಅಂದೆ.

"ವಾಸನೆ ಇಲ್ಲ, ಒಪ್ಕೋತೀನಿ ಸಾರ್. ಆದ್ರೆ 'ವಾಸದ ಬೀದಿಯಲ್ಲಿ ಜಾನುವಾರು ಸಲ್ಲದು' ಅಂತ ಎಷ್ಟು ಚೆನ್ನಾಗಿ ಬರ್ದಿದ್ದೀರಿ! ಈಗ ಹಿಂದೆ ಸರಿಯೋದಾ?"

ನಾನೊಬ್ಬನೇ ಆಫೀಸಿಗೆ ಹೋಗಿ ಹೇಳಬಹುದಿತ್ತು. ಹೇಳಿದರೆ ಬರೆದವನು ಯಾರೆಂದು ರಂಗಮ್ಮನಿಗೆ ಗೊತ್ತಾಗುತ್ತಿತ್ತು. ನಾಳೆ ಹೋದರಾಯಿತು ಎಂದುಕೊಳ್ಳುತ್ತಲೇ ತಿಂಗಳು ಕಳೆಯಿತು. ಗಾಡಿ ಬಂತು. ಕಂದು ಹಸು ಹತ್ತಲೊಲ್ಲದೆ ಕಾಲೂರಿ ನಿಂತಿತು.

"ನೀನೊಂಚೂರು ಇಂದ್ಗಡೆಯಿಂದ ತಳ್ಳಪ್ಪ," ಅಂದಳು ರಂಗಮ್ಮ. ತಳ್ಳಿದೆ.

ವರ್ಷದ ಹೊತ್ತಿಗೆ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ಹಾಗೆ ಘಮ್ಮೆನ್ನುತ್ತಿತ್ತು. ಅರ್ಜಿಗೆ ಸಹಿ ಹಾಕಿದವರೆಲ್ಲ ಗುಲಾಬಿ ಕುಂಡಗಳಿಗೆಂದು ಬಕೆಟ್ ಹಿಡಿದು ಬಂದರು. ರಂಗಮ್ಮ ಯಾರಿಗೂ ಇಲ್ಲ ಅನ್ನಲಿಲ್ಲ. ಸಾಲಿನ ಕೊನೆಯಲ್ಲಿ ಚೀಲ ಹಿಡಿದು ನಾನೂ ನಿಂತಿದ್ದೆ.

"ಇನ್ನೊಸಿ ಆಕ್ಲಾ?" ಅಂದಳು, ನನ್ನ ಮುಖವನ್ನೇ ನೋಡುತ್ತ.

ಸಾಕು ಅನ್ನಬೇಕೆಂದುಕೊಂಡೆ. ಚೀಲದ ಬಾಯನ್ನು ಇನ್ನಷ್ಟು ಅಗಲಿಸಿ ಹಿಡಿದೆ.