ಕಲ್ಯಾಣಕುಮಾರರು ಬಿಸಿಲು ಹುಡುಕಿದ್ದು

ಏಪ್ರಿಲ್ ತಿಂಗಳಲ್ಲಿ ಅಫಜಲಪುರದಲ್ಲಿ ಬಿಸಿಲನ್ನು ಯಾರೂ ಹುಡುಕುವುದಿಲ್ಲ. ಬಿಸಿಲೇ ಮನೆಯ ವಿಳಾಸ ಕೇಳಿಕೊಂಡು ಬರುತ್ತದೆ. ಬೆಳಗಿನ ಒಂಬತ್ತಕ್ಕೆ ನಳದ ನೀರಿಗೆ ಚಹಾಪುಡಿ, ಸಕ್ಕರೆ ಹಾಕಿದರೆ ಸಾಕು, ಒಲೆ ಹಚ್ಚುವ ಕೆಲಸವಿಲ್ಲ. ಬೀದಿನಾಯಿಗಳು ತಮ್ಮ ನೆರಳಿನಲ್ಲೇ ಮಲಗಬೇಕೆಂದು ಮಧ್ಯಾಹ್ನವಿಡೀ ಗಿರಗಿರ ಸುತ್ತಿ, ಸಂಜೆಗೆ ತಲೆತಿರುಗಿ ಬೀಳುತ್ತವೆ. (ನಾನು ಕಣ್ಣಾರೆ ಕಂಡಿಲ್ಲ, ಕಂಡವರು ಜೇವರ್ಗಿಯಲ್ಲಿದ್ದಾರೆ.) ಇಂಥ ಊರಿನಲ್ಲಿ, ಇಂಥ ತಿಂಗಳಲ್ಲಿ, ಹತ್ತು ಅಂಕಿಗಳ ನಿಖರತೆಯಿಂದ ಲೆಕ್ಕ ಹಾಕಿ, ಸೂರ್ಯನಿಗೇ ಗೊತ್ತಿಲ್ಲದ ಜಾಗದಲ್ಲಿ ಹೆಂಡತಿಯ ಕುರಡಗಿ ಸಂಡಿಗೆಯನ್ನು ಒಣಹಾಕಿಸಿದ ಏಕೈಕ ಮಹಾಪುರುಷರೆಂದರೆ ನಿವೃತ್ತ ಎಂಜಿನಿಯರ್ ಕಲ್ಯಾಣಕುಮಾರರು.

ಇದಕ್ಕೆಲ್ಲ ಮೂಲ ಒಂದು ಹಳೆಯ ಪ್ರೇಮಪ್ರಕರಣ.

ನಲವತ್ತು ವರ್ಷದ ಹಿಂದೆ ಕಲ್ಯಾಣಕುಮಾರರು ಸಕ್ಕರೆ ಕಾರ್ಖಾನೆಯೊಂದಕ್ಕೆ ಹೊಸದಾಗಿ ಸೇರಿದಾಗ, ಅವರ ಮೇಲಿನ ಸಾಹೇಬರ ಬಳಿ ಒಂದು ಸೈಂಟಿಫಿಕ್ ಕ್ಯಾಲ್ಕುಲೇಟರ್ ಇತ್ತು. ಅಂಗೈಯಗಲ, ಕಂದು ಬಣ್ಣ, ಬಂಗಾರದ ಅಕ್ಷರ. ಗುಂಡಿ ಒತ್ತಿದರೆ ಎಳೆ ಸೌತೆಕಾಯಿ ಮುರಿದ ಹಾಗೆ 'ಟಿಕ್' ಎನ್ನುತ್ತಿತ್ತು. ಸಾಹೇಬರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಎದೆಯ ಜೇಬಿನಲ್ಲಿಡುತ್ತಿದ್ದರು, ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅವರು ಕೈ ತೊಳೆಯಲು ಹೋದ ಒಂದು ದಿವ್ಯ ಕ್ಷಣದಲ್ಲಿ ಕಲ್ಯಾಣಕುಮಾರರು ಒಂದೇ ಒಂದು ಗುಂಡಿ ಒತ್ತಿದ್ದರು. ಮದುವೆಯಲ್ಲಿ ಹೆಂಡತಿಯ ಕೈ ಹಿಡಿದಾಗಲೂ ಅಂಥ ಪುಳಕ ಆಗಿರಲಿಲ್ಲವೆಂದು ಮುಂದೊಮ್ಮೆ ಬಾಯಿತಪ್ಪಿ ಹೇಳಿ, ಎರಡು ದಿನ ಖಾನಾವಳಿಯಲ್ಲಿ ಉಂಡಿದ್ದರು.

ಆಮೇಲೆ ಆ ಯಂತ್ರ ಮಾಡುವವರು ಮಾಡುವುದನ್ನೇ ಬಿಟ್ಟರು. ಸಾಹೇಬರು ಊರು ಬಿಟ್ಟರು. ಕಲ್ಯಾಣಕುಮಾರರು ಮಾತ್ರ ಆಸೆ ಬಿಡಲಿಲ್ಲ. ಮೊನ್ನೆ ಮೊಬೈಲ್ ನೋಡುತ್ತಿದ್ದಾಗ, ಹೊರದೇಶದ ಯಾರೋ ನಾಲ್ಕು ಜನ ಹುಚ್ಚರು (ಕಲ್ಯಾಣಕುಮಾರರ ಮಾತಿನಲ್ಲಿ, ಪುಣ್ಯಾತ್ಮರು) ಅದೇ ಹಳೆಯ ಕ್ಯಾಲ್ಕುಲೇಟರನ್ನು ಹೊಸದಾಗಿ ಮಾಡಿ ಮಾರುತ್ತಿರುವುದು ಕಂಡಿತು. ಅದೇ ಗುಂಡಿ, ಅದೇ ಅಕ್ಷರ, ಅದೇ ಟಿಕ್. ಒಳಗಿನ ಮೆದುಳು ಮಾತ್ರ ನೂರು ಪಟ್ಟು ಚುರುಕು. ತರಿಸಿಯೇ ಬಿಟ್ಟರು.

"ಏನ್ರಿ ಇದು?" ಎಂದರು ಹೆಂಡತಿ ಶಿವಕಾಂತಾಬಾಯಿ.

"ಕ್ಯಾಲ್ಕುಲೇಟರ್."

"ಮೊಬೈಲದಾಗ ಇಲ್ಲೇನು?"

"ಮೊಬೈಲದಾಗ ಇರೂದು ಕಿರಾಣಿ ಅಂಗಡೀದು ಬೇ. ಇದು ವಿಜ್ಞಾನಿಗಳದು."

"ಈ ಮನ್ಯಾಗ ವಿಜ್ಞಾನಿ ಯಾರ ಅದಾರ?" ಎಂದು ಶಿವಕಾಂತಾಬಾಯಿ ಕಪಾಟಿನ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂಬಂತೆ ಬಗ್ಗಿ ನೋಡಿದರು. ಆಮೇಲೆ ಯಂತ್ರವನ್ನು ಕೈಗೆತ್ತಿಕೊಂಡು, ಎರಡು ಒತ್ತಿ, ಪ್ಲಸ್ ಒತ್ತಿ, ಮತ್ತೆ ಎರಡು ಒತ್ತಿ, ಮುಂದಿನ ಗುಂಡಿಗಾಗಿ ಬೆರಳನ್ನು ಊರೆಲ್ಲ ತಿರುಗಿಸಿದರು.

"ಅಯ್ಯ! ಇದಕ್ಕ ಬರೋಬ್ಬರಿ ಅನ್ನೂ ಗುಂಡೀನೇ ಇಲ್ಲಲ್ರಿ! ಎರಡು ಗೆರಿ ಇರ್ತಾವಲ್ಲ, ಅದು. ನಿಮಗ ಮೋಸ ಮಾಡ್ಯಾರ, ಒಂದು ಗುಂಡಿ ಕಡಿಮಿ ಕೊಟ್ಟಾರ."

ಕಲ್ಯಾಣಕುಮಾರರ ಮುಖ ಅರಳಿತು. ನಲವತ್ತು ವರ್ಷದಿಂದ ಈ ಪ್ರಶ್ನೆಗಾಗಿಯೇ ಕಾದಿದ್ದರು. "ಅದೇ ಇದರ ಖೂಬಿ! ಮೊದಲ ಎರಡೂ ಅಂಕಿ ಕೊಡಬೇಕು, ಏನು ಮಾಡಬೇಕು ಅನ್ನೂದು ಕಡೀಗೆ ಹೇಳಬೇಕು. ನಾವು ಏನಂತೀವಿ? 'ಎರಡಕ್ಕ ಎರಡು ಕೂಡಸು' ಅಂತೀವಿ. ಮಾಡೂ ಕೆಲಸ ಕಡೀಗೇ ಬರ್ತದೋ ಇಲ್ಲೋ? ಖರೇ ಅಂದ್ರ ಇದು ಕನ್ನಡದ ಮಷೀನ. ಹೋದ ಜನ್ಮದಾಗ ಆಳಂದದಾಗ ಹುಟ್ಟಿತ್ತು."

"ಹೌದ್ರಿ, ನೀವೂ ಹಂಗೇ. ಎಲ್ಲಾ ಹೇಳಿ ಮುಗಿಸ್ತೀರಿ, ಮಾಡೂ ಕೆಲಸ ಕಡೀಗೇ ಬರ್ತದ. ಬಂದ್ರ."

ಔಷಧದ ಚೀಟಿಯನ್ನೂ ಎಂದೂ ಓದದ ಶಿವಕಾಂತಾಬಾಯಿ, ಅಂದು ಡಬ್ಬಿಯೊಳಗಿನ ಕಾಗದವನ್ನು ಪೂರ್ತಿ ಓದಿದರು. ಪಿಯುಸಿಯ ಇಂಗ್ಲಿಷು ಅಷ್ಟು ವರ್ಷದ ಮೇಲೆ ಕೆಲಸಕ್ಕೆ ಬಂತು. "ಹದಿನಾಲ್ಕು ದಿನದಾಗ ವಾಪಸ್ ತಗೋತಾರಂತ. ಈ ಮನೀಗೆ ಇದರಿಂದ ಒಂದರೆ ಕೆಲಸ ಆಗಿದ್ದು ತೋರಸ್ರಿ, ಇಟ್ಕೋರಿ. ಇಲ್ಲಂದ್ರ ಬಂದ ಡಬ್ಬಿಯೊಳಗ ಹೊಳ್ಳಿ ಹೋಗ್ತದ."

ಹೀಗೆ ಕಲ್ಯಾಣಕುಮಾರರ ಪ್ರೇಮಕ್ಕೆ ಹದಿನಾಲ್ಕು ದಿನದ ವಾಯಿದೆ ಬಿತ್ತು.

ಹತ್ತು ದಿನ ಅವರು ಆ ಒಂದು ಕೆಲಸಕ್ಕಾಗಿ ಮನೆಯೆಲ್ಲ ಜಾಲಾಡಿದರು. ನೀರಿನ ಟಾಕಿ ಎಷ್ಟು ನಿಮಿಷಕ್ಕೆ ತುಂಬುತ್ತದೆಂದು ಲೆಕ್ಕ ಹಾಕಿದರು. ಉತ್ತರ ಬರುವಷ್ಟರಲ್ಲಿ ಟಾಕಿ ತುಂಬಿ, ಹರಿದು, ಅಂಗಳ ತೊಳೆದು, ಓಣಿ ಮುಟ್ಟಿತ್ತು. ಜೋಳದ ರೊಟ್ಟಿಯ ಕ್ಷೇತ್ರಫಲ ಕಂಡುಹಿಡಿದರು, ರೊಟ್ಟಿ ಆರಿತ್ತು. ಹನ್ನೊಂದನೆಯ ದಿನ ಅವರು ಯಂತ್ರವನ್ನು ಮಡಿಲಲ್ಲಿಟ್ಟುಕೊಂಡು, ಗಂಡನ ಮನೆಗೆ ಹೊರಟ ಮಗಳನ್ನು ನೋಡುವಂತೆ ನೋಡುತ್ತ ಕುಳಿತಿದ್ದಾಗ, ಮಾಳಿಗೆಯಿಂದ ಇಳಿದು ಬಂದ ಶಿವಕಾಂತಾಬಾಯಿ ಮೊಣಕಾಲು ಒತ್ತಿಕೊಂಡರು.

"ನಾಳೆ ಕುರಡಗಿ ಹಾಕಬೇಕು. ಯಡ್ರಾಮಿ ಬೀಗರು ಎರಡು ಸಲ ಫೋನ್ ಮಾಡ್ಯಾರ. ಆದ್ರ ಈ ಮಾಳಗಿ ಮ್ಯಾಲ ಒಣಹಾಕೂದು ಅಂದ್ರ ಸಾಕಾಗ್ಯದ ನೋಡ್ರಿ. ಮುಂಜಾನಿ ಬಾಜೂ ಮನಿ ಆಪಾನ ಗೋಡಿ ನೆರಳು, ಮಧ್ಯಾನ ಮೆಟ್ಟಲ ಖೋಲಿ ನೆರಳು, ಸಂಜೀಕ ಟಾಕಿ ನೆರಳು. ದಿನಾ ಮೂರು ಸಲ ಹತ್ತಿ ಮೂರು ಸಲ ಸರಸಬೇಕು."

ಕುರಡಗಿ ಎಂಬುದು ಹಗುರ ಮಾತಲ್ಲ. ಗೋಧಿಯನ್ನು ಮೂರು ದಿನ ನೆನೆಹಾಕಿ, ರುಬ್ಬಿ, ಹಾಲು ತೆಗೆದು, ಕೈ ಬಿದ್ದುಹೋಗುವ ತನಕ ತಿರುವಿ ಬೇಯಿಸಿ, ಚಕ್ಕುಲಿ ಒರಳಿನಲ್ಲಿ ಒತ್ತಿ, ಬಿಸಿಲಿಗೆ ಹಾಕಬೇಕು. ಅಂಥ ಕುರಡಗಿಯ ಹಣೆಬರಹವನ್ನು ಕಲ್ಯಾಣಕುಮಾರರು ತಮ್ಮ ಕೈಗೆ ತೆಗೆದುಕೊಂಡರು.

"ಮುಂಜಾನಿ ಎಂಟರಿಂದ ಸಂಜಿ ಐದರ ತನಕ ಬಿಸಲು ಬೀಳೂ ಒಂದೇ ಜಾಗ ನಾ ಹುಡುಕಿ ಕೊಡ್ತೇನಿ! ಒಮ್ಮಿ ಹಾಕು, ಮೂರು ದಿನ ಕೈ ಹಚ್ಚಬ್ಯಾಡ."

"ಒಣಗಿದ್ರ ಮಷೀನ ನಿಮ್ದು. ಒಣಗಲಿಲ್ಲಂದ್ರ ಕೊರಿಯರದಾಗ ಹಾಕಿ ಕಳಸ್ತೇನಿ."

(ಯಂತ್ರವನ್ನೋ ತಮ್ಮನ್ನೋ ಎಂದು ಕೇಳುವ ಧೈರ್ಯ ಅವರಿಗಾಗಲಿಲ್ಲ.)

ಪಕ್ಕದ ಮನೆಯ ವಜೀರುನ್ನಿಸಾ ಆಪಾ ಗೋಡೆಯಾಚೆಯಿಂದಲೇ ಪಂಚಾಯಿತಿಗೆ ಇಳಿದರು. "ಇಂಜಿನಿಯರ ಸಾಬ್, ಅರ್ಧಾ ನಿಮ್ಮ ಜಾಗಾದಾಗ ಹಾಕೋಣ, ಅರ್ಧಾ ನನ್ನ ಮಾಳಗಿ ಮ್ಯಾಲ. ಇನ್ಸಾಫ್ ಆಗ್ಲಿ."

ಕಲ್ಯಾಣಕುಮಾರರು ಟೇಪು, ಸೀಮೆಸುಣ್ಣ, ಯಂತ್ರಗಳೊಡನೆ ಮಾಳಿಗೆ ಹತ್ತಿದರು. ಗೋಡೆಗಳ ಎತ್ತರ ಅಳೆದರು. ಊರಿನ ಅಕ್ಷಾಂಶ ಹದಿನೇಳು ಡಿಗ್ರಿ, ಆ ದಿನದ ಸೂರ್ಯನ ಓರೆ ಎಂಟು, ಸೈನು, ಕೊಸೈನು, ಟಿಕ್, ಟಿಕ್, ಟಿಕ್. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ಎಷ್ಟು ಮೇಲಿರುತ್ತಾನೆಂದು ಕೇಳಿದಾಗ ಯಂತ್ರ 'ಮೈನಸ್ ಒಂದು ಪಾಯಿಂಟ್ ಒಂದು ಐದು' ಎಂದಿತು. ಅಂದರೆ ನಡುಮಧ್ಯಾಹ್ನಕ್ಕೆ ಸೂರ್ಯ ಮುಳುಗಿ ಆಗಲೇ ಸ್ವಲ್ಪ ಹೊತ್ತಾಗಿರುತ್ತದೆ. ಕಲ್ಯಾಣಕುಮಾರರ ಮೂಗಿನ ತುದಿಯಿಂದ ಬೆವರಿನ ಹನಿಯೊಂದು ಆ ಉತ್ತರದ ಮೇಲೆಯೇ ಬಿತ್ತು. ಅದನ್ನು ಒರೆಸಿ, 'ಮೈನಸ್ ಅಂದರೆ ದಿಕ್ಕು ಇರಬೇಕು' ಎಂದುಕೊಂಡು ಮುಂದುವರಿದರು. ನಾನಾಗಿದ್ದರೆ ಒಮ್ಮೆ ತಲೆಯೆತ್ತಿ ನೋಡುತ್ತಿದ್ದೆ. ಆದರೆ ಲೆಕ್ಕ ಮುಗಿಯುವ ತನಕ ತಲೆಯೆತ್ತುವುದು ಎಂಜಿನಿಯರುಗಳ ಧರ್ಮವಲ್ಲ.

ಯಂತ್ರ ಆರಿಸಿದ ಜಾಗ ಮೆಟ್ಟಿಲ ಕೋಣೆಗೂ ಆಪಾರ ಮನೆಯ ಎತ್ತರದ ಗೋಡೆಗೂ ನಡುವಿನ ಸಂದು. ಅಲ್ಲಿ ಕೆಟ್ಟ ಕೂಲರು, ಮೂರು ಕಾಲಿನ ಮಂಚ, ತಳವಿಲ್ಲದ ಕೊಡಗಳು ಒಂದರ ಮೇಲೊಂದು ಕೂತಿದ್ದವು. ಹನ್ನೊಂದು ವರ್ಷದಿಂದ ಶಿವಕಾಂತಾಬಾಯಿ ತೆಗೆಯಿರಿ ಎಂದರೂ ತೆಗೆಯದಿದ್ದ ಆ ಸಾಮಾನನ್ನೆಲ್ಲ ಕಲ್ಯಾಣಕುಮಾರರು ಒಂದೇ ಸಂಜೆಯಲ್ಲಿ ಹೊತ್ತು ಇಳಿಸಿ, ಗುಡಿಸಿ, ತೊಳೆದು, ಸೀಮೆಸುಣ್ಣದಿಂದ ಚೌಕ ಬರೆದರು. ಶಿವಕಾಂತಾಬಾಯಿಗೆ ವಿಜ್ಞಾನದ ಮೇಲೆ ಮೊದಲ ಸಲ ಗೌರವ ಹುಟ್ಟಿತು.

"ಅಲ್ರೀ, ಇಲ್ಲಿ..." ಎಂದರು, ಮರುದಿನ ಕುರಡಗಿಯ ಪರಾತ ಹಿಡಿದು.

"ಮಾತಾಡಬ್ಯಾಡ. ಲೆಕ್ಕ ಆಗ್ಯದ."

"ಆತು ಬಿಡ್ರಿ," ಎಂದು ಅವರು ಆಪಾರ ಕಡೆ ನೋಡಿದರು. ಆಪಾ ಸೆರಗನ್ನು ಬಾಯಿಗೆ ಒತ್ತಿಕೊಂಡು, ಯಾಕೋ ಜೋರಾಗಿ ಕೆಮ್ಮಿದರು.

ಪ್ರಯೋಗ ನಡೆಯುವಾಗ ಅಡ್ಡಿಪಡಿಸಬಾರದೆಂದು ಕಲ್ಯಾಣಕುಮಾರರು ಮೂರು ದಿನ ಮೇಲೆ ಹತ್ತಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಎರಡಕ್ಕೆ ಪಂಚಾಯಿತಿ ಸೇರಿತು. ಮೊದಲು ಆಪಾರ ಮಾಳಿಗೆಯ ಕುರಡಗಿ ಮುರಿದರು. ಲಟಕ್! ಆಮೇಲೆ ಕಲ್ಯಾಣಕುಮಾರರು ತಮ್ಮ ಚೌಕದಿಂದ ಒಂದನ್ನು ಎತ್ತಿದರು. ಅದು ಎತ್ತಿದಷ್ಟೂ ಉದ್ದಕ್ಕೆ ಬಂತು. ಬಿಟ್ಟರೆ ಬೆರಳನ್ನು ಬಿಡಲಿಲ್ಲ.

ಜೇಬಿನಿಂದ ಯಂತ್ರ ತೆಗೆದು, ಕನ್ನಡಕ ಒರೆಸಿಕೊಂಡು ನೋಡಿದರು. ಪರದೆಯ ಮೂಲೆಯಲ್ಲಿ ಇರುವೆಯ ಹೆಜ್ಜೆಯಷ್ಟು ಸಣ್ಣದಾಗಿ 'ರೇಡಿಯನ್' ಎಂಬ ಗುರುತು! ಕೋನ ಅಳೆಯಲು ಡಿಗ್ರಿ ಒಂದು ಮಾಪು, ರೇಡಿಯನ್ ಇನ್ನೊಂದು. ಸೇರಿನಲ್ಲಿ ಅಳೆಯಬೇಕಾದ ಜೋಳವನ್ನು ಚೀಲದಲ್ಲಿ ಅಳೆದಿದ್ದರು. ಸೂರ್ಯ ಹೋಗಲಿ, ಆ ಲೆಕ್ಕಕ್ಕೆ ಮೇಣದಬತ್ತಿಯೂ ಸಿಗುತ್ತಿರಲಿಲ್ಲ. ಕಲ್ಯಾಣಕುಮಾರರ ಕಣ್ಣೆದುರು ಕೊರಿಯರ್ ಗಾಡಿ ಬಂದು ನಿಂತು ಹಾರ್ನ್ ಹೊಡೆಯಿತು.

ಅಷ್ಟರಲ್ಲಿ ವಜೀರುನ್ನಿಸಾ ಆಪಾ ಆ ಸಂದಿನಲ್ಲಿ ಕಾಲು ಚಾಚಿ ಕೂತುಬಿಟ್ಟರು. "ಯಾ ಅಲ್ಲಾ! ಶಿವಕಾಂತಾ, ಇಲ್ಲಿ ಎಷ್ಟ್ ಠಂಡಾ ಅದ ನೋಡು! ಹವಾ ಹ್ಯಾಂಗ ಬರಾಕತ್ತದ!"

ಶಿವಕಾಂತಾಬಾಯಿಯೂ ಕೂತರು. ನಿಜಕ್ಕೂ ಎರಡು ಗೋಡೆಗಳ ನಡುವೆ ತಂಪು ಗಾಳಿ ಸುಳಿಯುತ್ತಿತ್ತು. ಸಾಮಾನಿನ ಗುಡ್ಡದ ಕೆಳಗೆ ಹನ್ನೊಂದು ವರ್ಷದಿಂದ ತಾಲೂಕಿನ ಏಕಮಾತ್ರ ನೆರಳು ಹೂತುಹೋಗಿತ್ತು. ಅವರು ಗಂಡನ ಮುಖವನ್ನೇ ನೋಡಿದರು.

"ಖರೇ ಹೇಳ್ರಿ. ನೀವು ಹುಡುಕಿದ್ದು ಬಿಸಲೋ, ನೆರಳೋ?"

ಸತ್ಯ ಹೇಳಿದರೆ ಯಂತ್ರ ಹೋಗುತ್ತದೆ. ಕಲ್ಯಾಣಕುಮಾರರು ಎದೆ ಸೆಟೆಸಿದರು. "ಬಿಸಲು ಹುಡುಕೂದಕ್ಕ ಮಷೀನ ಯಾಕ ಬೇಕು ಬೇ, ಹಪ್ಪಳಕ್ಕೂ ಸಿಗ್ತದ. ಏಪ್ರಿಲದಾಗ ನೆರಳು ಹುಡುಕೂದು ಅದ ನೋಡು, ಅದು ವಿಜ್ಞಾನ! ನಿನ್ನ ಮೊಣಕಾಲಿಗೆ ಆರಾಮ ಆಗ್ಲಿ ಅಂತ... ಕುರಡಗಿ ಬರೇ ನೆವ."

"ಹಂಗಾರ ಮನೀಗೆ ಒಂದು ಕೆಲಸ ಆದಂಗೇ ಆತು," ಎಂದರು ಶಿವಕಾಂತಾಬಾಯಿ, ಆಪಾರ ಕೈ ಮೆಲ್ಲಗೆ ಚಿವುಟಿ. "ಇಟ್ಕೋರಿ ನಿಮ್ಮ ಮಷೀನ."

ಕಲ್ಯಾಣಕುಮಾರರು ಆ ರಾತ್ರಿ ಯಂತ್ರವನ್ನು ದಿಂಬಿನ ಕೆಳಗಿಟ್ಟುಕೊಂಡು, ಅರಸನಂತೆ ಮಲಗಿದರು. ಅರಸೊತ್ತಿಗೆ ಬೆಳಗಿನ ಎಂಟರ ತನಕ ಇತ್ತು.

"ನಾವು ನೆರಳಾಗ ಕೂತು ಒತ್ತತೇವಿ. ಆದ್ರ ಕುರಡಗಿ ಬಿಸಲಾಗೇ ಒಣಗಬೇಕಲ್ರಿ? ಯಾರರೆ ಕಾಯಬೇಕು," ಎಂದು ಶಿವಕಾಂತಾಬಾಯಿ ಗಂಡನ ಕೈಗೆ ಒಂದು ಕೋಲು, ತಲೆಗೆ ಒಂದು ಹಸಿ ಟವೆಲು ಕೊಟ್ಟರು. "ನೆರಳ ಸರದಂಗ ಸರಸ್ಕೋತ ಹೋಗ್ರಿ. ನಿಮಗ ಲೆಕ್ಕ ಗೊತ್ತದ."

ನಾಲ್ಕೇ ದಿನದಲ್ಲಿ ಸುದ್ದಿ ಓಣಿಯೆಲ್ಲ ಹಬ್ಬಿ, ಹದಿಮೂರು ಮನೆಯ ಹೆಂಗಸರು ಹದಿಮೂರು ಮನೆಯ ಹಿಟ್ಟು ಹೊತ್ತು ಆ ಸಂದಿಗೆ ಬಂದರು. ಅವರ ನಗೆ, ಚಾಡಿ, ಮಜ್ಜಿಗೆ ಎಲ್ಲವೂ ನೆರಳಿನಲ್ಲಿ; ಹದಿಮೂರು ಮನೆಯ ಕುರಡಗಿ ಮತ್ತು ಕಲ್ಯಾಣಕುಮಾರರು ಬಿಸಿಲಿನಲ್ಲಿ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಯಂತ್ರ; ಸಂಜೆ ಐದಕ್ಕೆ ಇನ್ನೆಷ್ಟು ಸೆಕೆಂಡು ಉಳಿದಿದೆಯೆಂದು ಟಿಕ್ ಟಿಕ್ ಎಣಿಸುತ್ತಿದ್ದರು.

ಒಂದು ಮಧ್ಯಾಹ್ನ ಪರದೆ ಇದ್ದಕ್ಕಿದ್ದಂತೆ ಹಂಚಿನ ತಳದ ಹಾಗೆ ಕಪ್ಪಾಯಿತು. ಒಂದು ಅಂಕಿಯೂ ಕಾಣದು. ಕಲ್ಯಾಣಕುಮಾರರು ಎದ್ದೆನೋ ಬಿದ್ದೆನೋ ಎಂದು ಸಂದಿಗೆ ಓಡಿದರು.

"ಶಿವಕಾಂತಾ! ಬಿಸಲಿಗೆ ಇದರ ಪರದಿ ಕರ್ರಗಾಗ್ಯದ! ತಂಪಾದ್ರ ತಾನೇ ತಿಳಿಯಾಗ್ತದ, ಜರಾ ಜಾಗಾ ಬಿಡ್ರಿ!"

"ಅಯ್ಯ, ಪಾಪ! ಇಲ್ಲಿ ಕೊಡ್ರಿ, ನಾಜೂಕ ಸಾಮಾನ ಅದು." ಶಿವಕಾಂತಾಬಾಯಿ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ನೀರಿನ ಕೊಡದ ಪಕ್ಕದಲ್ಲಿ, ಮಡಚಿದ ಬಟ್ಟೆಯ ಮೇಲೆ ಮಲಗಿಸಿ ಸೆರಗಿನಿಂದ ಗಾಳಿ ಬೀಸಿದರು. ಹೆಂಗಸರೆಲ್ಲ ಸರಿದು ಅದಕ್ಕೆ ಜಾಗ ಮಾಡಿದರು. ಆಪಾ "ಬಿಸ್ಮಿಲ್ಲಾ" ಎಂದು ಅದರ ಬೆನ್ನು ಸವರಿದರು. ಸ್ವಲ್ಪ ಹೊತ್ತಿಗೆ ಅಂಕಿಗಳು ಒಂದೊಂದಾಗಿ ಕಣ್ಣು ಬಿಟ್ಟವು.

ಕಲ್ಯಾಣಕುಮಾರರು ನೆಮ್ಮದಿಯ ಉಸಿರು ಬಿಟ್ಟು, ಅದರ ಪಕ್ಕದಲ್ಲಿ ತಾವೂ ಕೂರಲೆಂದು ಸೊಂಟ ಬಗ್ಗಿಸಿದರು.

"ನೀವೆಲ್ಲಿ ಕೂಡಾಕತ್ತೀರಿ?" ಎಂದರು ಶಿವಕಾಂತಾಬಾಯಿ. "ಕುರಡಗಿಗೆ ಮಂಗ್ಯಾ ಬಂದಾವ ನೋಡ್ರಿ ಅಲ್ಲಿ!"